ಪೈಲಟ್ ಉಳಿಸಿದರೆ ಸ್ಪೀಡ್ ಜಾಸ್ತಿ ಆಗುತ್ತಾ?

ಮೊಬೈಲ್ ಟವರ್‌ನ ಬೇಸ್ ಸ್ಟೇಷನ್‌ನಲ್ಲಿ ಫಿಸಿಕಲ್ ಲೇಯರ್, ಅಂದರೆ ಡೇಟಾವನ್ನು ರೇಡಿಯೋ ಸಿಗ್ನಲ್ ಆಗಿಸುವ ಭಾಗ, ನನ್ನ ಕೆಲಸ. ಥ್ರೂಪುಟ್ (ಸೆಕೆಂಡಿಗೆ ತಲುಪುವ ಡೇಟಾ) ಏರಿಸಿ ಅಂತ ಒತ್ತಡ ಬಂದಾಗಲೆಲ್ಲ ಮೀಟಿಂಗ್‌ನಲ್ಲಿ ಮೊದಲು ಕಣ್ಣು ಬೀಳುವುದು ಪೈಲಟ್‌ಗಳ, ಅಂದರೆ ಡೇಟಾ ಜೊತೆ ಹೋಗುವ ಅಳತೆಯ ಸಿಗ್ನಲ್‌ಗಳ ಮೇಲೆ. ಅದರಲ್ಲಿ ಡೇಟಾ ಇಲ್ಲ, ಸುಮ್ನೆ ಜಾಗ ತಿನ್ನುತ್ತೆ, ಅಲ್ವಾ?

ಸಿಗ್ನಲ್ ಕಟ್ಟಡ, ಮರ, ಬಸ್ಸುಗಳಿಗೆ ಬಡಿದು ಹಲವು ದಾರಿಯಲ್ಲಿ ಬಂದು ಸೇರುತ್ತದೆ. ಈ ದಾರಿಯಲ್ಲಿ, ಅಂದರೆ ಚಾನೆಲ್‌ನಲ್ಲಿ, ಅದು ಎಷ್ಟು ಕುಗ್ಗಿತು, ಅದರ ಫೇಸ್ ಎಷ್ಟು ತಿರುಗಿತು ಅಂತ ತಿಳಿಯಬೇಕಾದರೆ ಎರಡೂ ಕಡೆಗೆ ಮೊದಲೇ ಗೊತ್ತಿರುವ ಸಿಂಬಲ್ (ಸಿಗ್ನಲ್‌ನ ಒಂದು ತುಣುಕು) ಕಳಿಸಲೇಬೇಕು. ಅದೇ ಪೈಲಟ್.

ಖರ್ಚು ಸಣ್ಣದಲ್ಲ, ಒಪ್ಪುತ್ತೇನೆ. 4ಜಿಯಲ್ಲಿ 12 ಸಬ್‌ಕ್ಯಾರಿಯರ್ (ಪಕ್ಕಪಕ್ಕದ ಸಣ್ಣ ಫ್ರೀಕ್ವೆನ್ಸಿಗಳು), 1 ಮಿಲಿಸೆಕೆಂಡ್ (14 ಸಿಂಬಲ್) ತೆಗೆದುಕೊಂಡರೆ 168 ಮನೆಗಳು. ನಾಲ್ಕು ಆಂಟೆನಾ ಪೋರ್ಟ್ ಇದ್ದರೆ ಅದರಲ್ಲಿ 24 ಪೈಲಟ್‌ಗೇ ಹೋಗುತ್ತವೆ, ಅಂದರೆ ಶೇ. 14ರಷ್ಟು. ನಡುರಾತ್ರಿ ಸೆಲ್‌ನಲ್ಲಿ ಯಾರೂ ಇಲ್ಲದಿದ್ದರೂ ಟವರ್ ಅದನ್ನು ಕಳಿಸುತ್ತಲೇ ಇರುತ್ತದೆ. 5ಜಿಯಲ್ಲಿ ಇದನ್ನು ಬಿಟ್ಟು, ಡೇಟಾ ಹೋಗುವಾಗ ಮಾತ್ರ ಜೊತೆಗೆ ಡಿಎಂಆರ್‌ಎಸ್ ಎಂಬ ಪೈಲಟ್ ಕಳಿಸುತ್ತಾರೆ. ನನಗೆ ತುಂಬಾ ಇಷ್ಟವಾದ ಬದಲಾವಣೆ ಇದು.

ಆದರೆ ಎಲ್ಲಿಯವರೆಗೆ ಕತ್ತರಿಸಬಹುದು? ಲ್ಯಾಬ್‌ನಲ್ಲಿ ಚಾನೆಲ್ ಎಮ್ಯುಲೇಟರ್ (ಹೊರಗಿನ ಚಾನೆಲ್ಲನ್ನು ಅನುಕರಿಸುವ ಯಂತ್ರ) ಇಟ್ಟು ನೋಡಿದೆವು. ಅರ್ಧ ಮಿಲಿಸೆಕೆಂಡಿನ ಸ್ಲಾಟ್ (ಡೇಟಾ ಕಳಿಸುವ ಕಾಲದ ಒಂದು ತುಂಡು), ಅದರಲ್ಲಿ 14 ಸಿಂಬಲ್, ಶುರುವಿನಲ್ಲಿ ಒಂದೇ ಡಿಎಂಆರ್‌ಎಸ್. ನಡೆದಾಡುವ ವೇಗದಲ್ಲಿ ಏನೂ ತೊಂದರೆಯಿಲ್ಲ. 100 ಕಿ.ಮೀ.ಗೆ ಏರಿಸಿದಾಗ ಕಥೆ ಬೇರೆ. 3.5 ಗಿಗಾಹರ್ಟ್ಸ್‌ನಲ್ಲಿ ಆ ವೇಗಕ್ಕೆ ಡಾಪ್ಲರ್, ಅಂದರೆ ಓಟದಿಂದ ಫ್ರೀಕ್ವೆನ್ಸಿ ಸರಿಯುವ ಪ್ರಮಾಣ, ಸುಮಾರು 320 ಹರ್ಟ್ಸ್. ಒಂದು ಮಿಲಿಸೆಕೆಂಡ್ ಚಿಲ್ಲರೆಯಲ್ಲಿ ಚಾನೆಲ್ಲೇ ಬದಲಾಗಿಬಿಡುತ್ತದೆ; ಸ್ಲಾಟ್ ಮುಗಿಯುವಷ್ಟರಲ್ಲೇ ಸಾಕಷ್ಟು ಸರಿದಿರುತ್ತದೆ. ಕಾನ್‌ಸ್ಟಲೇಶನ್ ಪ್ಲಾಟನ್ನು (ಬಂದ ಸಿಗ್ನಲ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಸಿಂಬಲ್ ಸಿಂಬಲ್ ಬಿಡಿಸಿ ನೋಡಿದರೆ ಕಣ್ಣಿಗೇ ಕಾಣುತ್ತಿತ್ತು: ಪೈಲಟ್ ಪಕ್ಕದ ಸಿಂಬಲ್‌ಗಳಲ್ಲಿ ಚುಕ್ಕಿಗಳು ಒತ್ತಾಗಿ ಗುಂಪು ಕಟ್ಟಿವೆ, ಸ್ಲಾಟ್ ಕೊನೆಗೆ ಬರುವಷ್ಟರಲ್ಲಿ ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದೆ. ಸಿಆರ್‌ಸಿ (ಡೇಟಾ ಸರಿಯಾಗಿ ಬಂತೇ ಅಂತ ನೋಡುವ ಪರೀಕ್ಷೆ) ಫೇಲ್, ಮತ್ತೆ ಅದೇ ಡೇಟಾ ಕಳಿಸುವ ಕೆಲಸ. ಇನ್ನೊಂದು ಡಿಎಂಆರ್‌ಎಸ್ ಸಿಂಬಲ್ ಸೇರಿಸಿದರೆ ಸ್ಲಾಟ್‌ನ ಶೇ. 7ರಷ್ಟು ಜಾಗ ಹೋಗುತ್ತದೆ. ಹೋದರೂ ಹೋಗಲಿ, ಒಟ್ಟು ಥ್ರೂಪುಟ್ ಮೇಲಕ್ಕೇ ಬಂತು.

ಅದೇ ಸಿಂಬಲ್ ಕೂತಲ್ಲೇ ಕೂತು ವಿಡಿಯೋ ನೋಡುವವರಿಗೆ ಶುದ್ಧ ದಂಡ. ಹಾಗಂತ ಸ್ಲಾಟ್ ಸ್ಲಾಟ್‌ಗೆ ಬದಲಿಸುವಂತಿಲ್ಲ. ಈ ಸೆಟ್ಟಿಂಗ್ ಆರ್‌ಆರ್‌ಸಿ ಸಂದೇಶದಲ್ಲೇ, ಅಂದರೆ ಟವರ್ ಮೊಬೈಲ್‌ಗೆ ಆಗೊಮ್ಮೆ ಈಗೊಮ್ಮೆ ಕಳಿಸುವ ನಿಯಂತ್ರಣ ಸಂದೇಶದಲ್ಲೇ, ಹೋಗಬೇಕು. ಕಾರು ಟೋಲ್‌ನಲ್ಲಿ ನಿಂತು ಮತ್ತೆ ಓಡಿದರೆ ಯಾವಾಗ ಬದಲಿಸಬೇಕು? ನಮ್ಮ ಟೀಮಿನಲ್ಲಿ ಅತಿ ಹೆಚ್ಚು ಚರ್ಚೆ ನಡೆಯುವುದು ಈ ವಿಷಯಕ್ಕೇ. ಈಗ ಯಾರಾದರೂ ಪೈಲಟ್ ಕಡಿಮೆ ಮಾಡೋಣ ಅಂದರೆ, ಯಾವ ವೇಗಕ್ಕೆ ಅಂತ ಮೊದಲು ಕೇಳುತ್ತೇನೆ. ಆ ವೇಗದಲ್ಲಿ ಬ್ಲಾಕ್ ಎರರ್ (ತಪ್ಪಾಗಿ ಬಂದ ಡೇಟಾ ಬ್ಲಾಕ್‌ಗಳ ಪಾಲು) ಎಷ್ಟು ಅಂತ ಪಕ್ಕದ ಕಾಲಂನಲ್ಲಿ ಬರೆಸುತ್ತೇನೆ.

ಟವರ್‌ನಲ್ಲಿ 64 ಆಂಟೆನಾ ಬಂದರೆ ಲೆಕ್ಕವೇ ಬೇರೆ. ಒಂದೊಂದು ಆಂಟೆನಾಗೂ ಪೈಲಟ್ ಕೊಡುತ್ತಾ ಹೋದರೆ ಡೇಟಾಗೆ ಜಾಗ ಎಲ್ಲಿ? ಟಿಡಿಡಿಯಲ್ಲಿ (ಟವರ್, ಮೊಬೈಲ್ ಸರದಿಯಂತೆ ಕಳಿಸುವ ವಿಧಾನ) ಹೋಗುವ, ಬರುವ ಫ್ರೀಕ್ವೆನ್ಸಿ ಒಂದೇ. ಹಾಗಾಗಿ ಮೊಬೈಲ್ ಕಳಿಸಿದ ಪೈಲಟ್‌ನಿಂದಲೇ ಎರಡೂ ದಿಕ್ಕಿನ ಚಾನೆಲ್ ತಿಳಿಯಬಹುದು. ಆಗ ಖರ್ಚು ಏರುವುದು ಮೊಬೈಲ್‌ಗಳ ಸಂಖ್ಯೆಯ ಜೊತೆ, ಆಂಟೆನಾಗಳ ಜೊತೆ ಅಲ್ಲ. ಆದರೆ ಪಕ್ಕದ ಸೆಲ್‌ನಲ್ಲೂ ಅದೇ ಪೈಲಟ್ ಬಳಸಿದರೆ ಎರಡೂ ಬೆರೆತುಹೋಗುತ್ತವೆ. ಸಂಶೋಧಕ ಥಾಮಸ್ ಮಾರ್ಜೆಟ್ಟಾ 2010ರಲ್ಲೇ ಇದನ್ನು ಲೆಕ್ಕ ಹಾಕಿ ತೋರಿಸಿದ್ದರು: ಆಂಟೆನಾ ಎಷ್ಟೇ ಹೆಚ್ಚಿಸಿದರೂ ಈ ಬೆರಕೆ ತಾನಾಗಿ ಹೋಗುವುದಿಲ್ಲ.