ಕೆರೆಯ ತಳದ ಮೇಲೆ ಸ್ಕೂಟರ್ ಸವಾರಿ

ಸಮೋಸಿರ್‌ನಲ್ಲಿ ದಾರಿ ತಪ್ಪಬೇಕೆಂದರೂ ತಪ್ಪುವುದಿಲ್ಲ. ದ್ವೀಪದ ಅಂಚು ಹಿಡಿದು ಸುತ್ತುವ ದೊಡ್ಡ ರಸ್ತೆ ಒಂದೇ. ತುಕ್‌ತುಕ್ ಎಂಬ ಊರಿನಿಂದ ಉತ್ತರಕ್ಕೆ ಹೊರಟರೆ ನೀರು ಬಲಗಡೆ. ನೀರು ಎಡಗಡೆಗೆ ಬಂತೆಂದರೆ ಸ್ಕೂಟರ್ ವಾಪಸು ತಿರುಗಿದೆ ಎಂದು ಅರ್ಥ. ಅಂಥ ಕಡೆ ದಿನದ ಕೂಲಿ ಕೊಟ್ಟು ಗೈಡ್ ಯಾಕೆ ಎಂದು ಕೇಳುವವರಿದ್ದಾರೆ. ಇಲ್ಲಿ ಗೈಡ್ ಬೇಕಾಗುವುದು ದಾರಿ ತೋರಿಸುವುದಕ್ಕಲ್ಲ, ನಿಲ್ಲಿಸುವುದಕ್ಕೆ. ಒಬ್ಬರೇ ಹೋದವರು ನಾಲ್ಕು ಗಂಟೆಯಲ್ಲಿ ನೂರು ಫೋಟೊ ತೆಗೆದುಕೊಂಡು ಬರುತ್ತಾರೆ. ಗೈಡ್ ಜೊತೆ ಹೋದವರು ಅಷ್ಟೇ ಹೊತ್ತಿನಲ್ಲಿ ಎರಡು ಹಳ್ಳಿ ದಾಟಿರುವುದಿಲ್ಲ.

ಜಾಗ ಇಂಡೊನೇಷ್ಯಾದ ಉತ್ತರ ಸುಮಾತ್ರಾ. ಸಮೋಸಿರ್ ಇರುವ ಸರೋವರದ ಹೆಸರು ಟೋಬಾ. ಉದ್ದ ಸುಮಾರು 100 ಕಿಲೋಮೀಟರ್, ಅಗಲ 30, ಅತಿ ಆಳದ ಕಡೆ 500 ಮೀಟರ್. ನೀರಿನ ಮಟ್ಟವೇ ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಅಂದರೆ ಹೆಚ್ಚುಕಡಿಮೆ ಬೆಂಗಳೂರಿನ ಎತ್ತರದಲ್ಲಿ. ಬೆಳಗಿನ ಹವೆಯೂ ಹಳೆಯ ಬೆಂಗಳೂರಿನದೇ. ಎಂಟು ಗಂಟೆಗೆ ಹೊರಡುವವರು ಒಂದು ಜಾಕೆಟ್ ಇಟ್ಟುಕೊಂಡಿರಬೇಕು. ಮೇದಾನ್ ಊರಿನಿಂದ ಕಾರಿನಲ್ಲಿ ಪರಾಪತ್, ಅಲ್ಲಿಂದ ದೋಣಿಯಲ್ಲಿ ತುಕ್‌ತುಕ್. ಆ ಪ್ರಯಾಣ ಒಂದು ಹಗಲನ್ನು ನುಂಗುತ್ತದೆ. ಅದರ ಬಗ್ಗೆ ಹೇಳುವಂಥದ್ದು ಏನೂ ಇಲ್ಲ.

ಸ್ಕೂಟರ್ ವಿಷಯಕ್ಕೆ ಬರೋಣ. ಬಾಡಿಗೆಗೆ ಸಿಗುವುದು ಬಹುಪಾಲು ಹೋಂಡಾ ಬೀಟ್ ಅಥವಾ ವಾರಿಯೊ. ನಮ್ಮ ಆಕ್ಟಿವಾ ಓಡಿಸಿದವರಿಗೆ ಹೊಸದೇನೂ ಅಲ್ಲ. ಸಂಚಾರವೂ ನಮ್ಮ ಹಾಗೆ ಎಡಗಡೆಯೇ. ಕೀಲಿ ಕೈಗೆ ಬಂದ ಕೂಡಲೇ ಸುತ್ತ ಒಂದು ವಿಡಿಯೊ ತೆಗೆಯಿರಿ: ಗೀರು, ಒಡೆದ ಕನ್ನಡಿ, ಪೆಟ್ರೋಲ್ ಮುಳ್ಳು ಎಲ್ಲಿದೆ, ಎಲ್ಲವೂ. ನೋಂದಣಿ ಪತ್ರಕ್ಕೆ ಅಲ್ಲಿ ಎಸ್‌ಟಿಎನ್‌ಕೆ ಎನ್ನುತ್ತಾರೆ, ಅದು ಗಾಡಿಯಲ್ಲೇ ಇರಬೇಕು. ನಿಮ್ಮ ಕಡೆಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಊರಿನ ಆರ್‌ಟಿಓದಲ್ಲೇ ಮಾಡಿಸಿಕೊಳ್ಳಬಹುದು, ಹೆಚ್ಚೆಂದರೆ ಒಂದು ವರ್ಷದ ಅವಧಿಗೆ ಕೊಡುತ್ತಾರೆ. ಅದರಲ್ಲಿ ದ್ವಿಚಕ್ರದ ಕಲಮಿಗೂ ಮುದ್ರೆ ಬಿದ್ದಿದೆಯೇ ನೋಡಿಕೊಳ್ಳಿ. ಕಾರಿಗೆ ಮಾತ್ರ ಮುದ್ರೆಯಿದ್ದು ಸ್ಕೂಟರಿನಿಂದ ಬಿದ್ದು ಕೈ ಮುರಿದರೆ ಪ್ರವಾಸ ವಿಮೆ ಪೈಸೆ ಬಿಚ್ಚುವುದಿಲ್ಲ. ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು ಎಂಬುದು ಅಲ್ಲಿನ ಕಾನೂನು.

ಎಂಜಿನ್ ಚಾಲೂ ಆಗಲಿಲ್ಲವೆಂದು ಗಾಬರಿಯಾಗುವವರಲ್ಲಿ ಅರ್ಧ ಜನ ಸೈಡ್ ಸ್ಟ್ಯಾಂಡ್ ಎತ್ತಿರುವುದಿಲ್ಲ. ಅದು ಕೆಳಗಿದ್ದರೆ ಎಂಜಿನ್ ಹತ್ತದಂತೆ ಸ್ವಿಚ್ ಇದೆ. ಇದು ನಕ್ಕು ಬಿಡುವ ವಿಷಯ. ನಗುವಂತಿಲ್ಲದ್ದು ಐಡ್ಲಿಂಗ್ ಸ್ಟಾಪ್ ಎಂಬ ಗುಂಡಿ. ಅದು ಒತ್ತಿದ್ದರೆ ಗಾಡಿ ನಿಂತ ಕೆಲ ಕ್ಷಣಕ್ಕೆ ಎಂಜಿನ್ ತಾನೇ ಆರುತ್ತದೆ, ಕೈ ತಿರುಗಿಸಿದರೆ ತಾನೇ ಹತ್ತುತ್ತದೆ. ನೀರಿನ ಅಂಚಿನ ನೋಟದ ಜಾಗಗಳಲ್ಲಿ ನಡೆಯುವುದು ಇಷ್ಟು: ಸವಾರ ನಿಲ್ಲಿಸುತ್ತಾನೆ, ಸದ್ದಿಲ್ಲ, ಆರಿದೆ ಎಂದುಕೊಳ್ಳುತ್ತಾನೆ, ಕೀಲಿ ತಿರುಗಿಸದೆ ಇಳಿದು ಗಾಡಿಯನ್ನು ತಳ್ಳಲು ಬಲಗೈಯಲ್ಲಿ ಹಿಡಿಕೆ ಬಿಗಿಯಾಗಿ ಹಿಡಿಯುತ್ತಾನೆ. ಆಕ್ಸಿಲರೇಟರ್ ತಿರುಗುತ್ತದೆ. ಸ್ಕೂಟರ್ ಒಂದೇ ನೆಗೆತಕ್ಕೆ ಮುಂದಿನ ಕಲ್ಲುಗೋಡೆಗೆ. ಮುಂದಿನ ಮಡ್‌ಗಾರ್ಡ್, ಒಂದು ಇಂಡಿಕೇಟರ್, ಬಾಡಿಗೆಯವರ ಜೊತೆ ಒಂದು ಸಂಜೆಯ ಚೌಕಾಸಿ. ಹೊರಡುವಾಗಲೇ ಆ ಗುಂಡಿ ಆರಿಸಿಬಿಡಿ. ಬಾಡಿಗೆ ಕೊಡುವವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ ಎನ್ನುವುದು ಚೌಕಾಸಿಯ ಹೊತ್ತಿಗೆ ಅರ್ಥವಾಗುತ್ತದೆ.

ಮೊದಲ ನಿಲುಗಡೆ ಅಂಬರಿತಾ, ತುಕ್‌ತುಕ್‌ನಿಂದ ಐದು ಕಿಲೋಮೀಟರ್. ಸಿಯಲ್ಲಾಗಾನ್ ಎಂಬ ಕಲ್ಲಿನ ಗೋಡೆಯ ಹಳ್ಳಿ. ಆಲದ ಜಾತಿಯ ದೊಡ್ಡ ಮರದಡಿ ಕಲ್ಲಿನ ಕುರ್ಚಿಗಳು, ನಡುವೆ ಕಲ್ಲಿನ ಮೇಜು. ನಮ್ಮ ಅರಳಿಕಟ್ಟೆ ಪಂಚಾಯಿತಿಯೇ. ತಪ್ಪಿತಸ್ಥರಿಗೆ ಶಿರಚ್ಛೇದ ಮಾಡುತ್ತಿದ್ದರೆಂಬ ಕಥೆಯನ್ನು ಪ್ರವಾಸಿಗರಿಗೆ ಕಣ್ಣರಳಿಸಿ ಹೇಳುತ್ತಾರೆ. ಅದಕ್ಕಿಂತ ನೋಡಬೇಕಾದದ್ದು ಮನೆಗಳು. ಕಂಬಗಳ ಮೇಲೆ ಎತ್ತಿ ಕಟ್ಟಿದ ಮರದ ಮನೆ, ಕೆಳಗೆ ದನ ಹಂದಿಗೆ ಜಾಗ. ಬಾಗಿಲು ಗಿಡ್ಡ, ಒಳಗೆ ಹೋಗುವವರು ತಲೆ ಬಗ್ಗಿಸಲೇಬೇಕು. ಜೀನಿನಂತೆ ನಡುವೆ ತಗ್ಗಿ ಎರಡೂ ತುದಿ ಎದ್ದ ಮಾಡು, ಅದರಲ್ಲೂ ಹಿಂದಿನ ತುದಿ ಮುಂದಿನದಕ್ಕಿಂತ ಎತ್ತರ. ಮಕ್ಕಳು ಹೆತ್ತವರಿಗಿಂತ ಮೇಲೆ ಬರಲಿ ಎಂದು ಹಾಗೆ ಕಟ್ಟುವುದಂತೆ. ಮುಂಗೋಡೆಯಲ್ಲಿ ಕೆಂಪು, ಕಪ್ಪು, ಬಿಳಿ ಮೂರೇ ಬಣ್ಣದ ಕೆತ್ತನೆ; ಅದರಲ್ಲಿ ಹಲ್ಲಿ. ಎಲ್ಲಿ ಹೋದರೂ ಹೊಂದಿಕೊಂಡು ಬಾಳುವ ಪ್ರಾಣಿಯೆಂದು ಇಲ್ಲಿಯ ಬಾತಕ್ ಜನಕ್ಕೆ ಅದರ ಮೇಲೆ ಗೌರವ. ಲೊಚಗುಟ್ಟಿದರೆ ‘ಕೃಷ್ಣ ಕೃಷ್ಣ’ ಎಂದು ನೆಲ ತಟ್ಟುವ ನಮಗೆ ಇದು ಬೇಗ ಅರ್ಥವಾಗುತ್ತದೆ.

ಇಲ್ಲೇ ಮಾತು ಶುರುವಾಗುತ್ತದೆ, ಅಂದರೆ ಸವಾರಿ ನಿಲ್ಲುತ್ತದೆ. ಜಗಲಿಯಲ್ಲಿ ಕೂತ ಅಜ್ಜಿಯರು ಬಂದವರನ್ನು ಕೇಳುವ ಮೊದಲ ಪ್ರಶ್ನೆ, ‘ಮಾರ್ಗಾ ಅಪಾ?’

ಮಂಗಳೂರು ಕಡೆಯವರಿಗೆ ಮಾರ್ಗ ಎಂದರೆ ರಸ್ತೆ. ಸ್ಕೂಟರ್ ಮೇಲೆ ಬಂದವರನ್ನು ಹೀಗೆ ಕೇಳಿದರೆ ‘ಪಾಂಗುರುರಾನ್’ ಎಂದು ಹೋಗುವ ಊರಿನ ಹೆಸರೇ ಬಾಯಿಗೆ ಬರುವುದು. ಅಜ್ಜಿಯರು ಬಿದ್ದು ಬಿದ್ದು ನಗುತ್ತಾರೆ. ಮಾರ್ಗಾ ಎಂದರೆ ಕುಲ, ನಮ್ಮ ಬಳಿ ಅಥವಾ ಬೆಡಗಿನ ಹಾಗೆ. ಸಿನಾಗಾ, ಸಿಂಬೊಲೊನ್, ಸಿತುಮೊರಾಂಗ್, ಸಿದಾಬುತಾರ್. ಹೆಸರಿನ ಕೊನೆಯಲ್ಲಿ ಅದು ಬಂದೇ ಬರುತ್ತದೆ. ಒಂದೇ ಮಾರ್ಗಾದೊಳಗೆ ಮದುವೆ ಇಲ್ಲ. ಗುರುತಿಲ್ಲದ ಇಬ್ಬರು ಬಾತಕರು ಎದುರಾದರೆ ಎಷ್ಟನೇ ತಲೆಮಾರು, ಯಾರ ಮನೆಗೆ ಹೆಣ್ಣು ಹೋಗಿದೆ ಎಂದು ಲೆಕ್ಕ ಹಾಕಿ, ಯಾರು ಯಾರನ್ನು ಏನೆಂದು ಕರೆಯಬೇಕು ಎಂದು ತೀರ್ಮಾನಿಸಿಯೇ ಮುಂದಿನ ಮಾತು.

‘ನಿಮ್ಮಲ್ಲಿ ಮದುವೆಯಲ್ಲಿ ಮೇಲಿನವರು ಯಾರು?’ ಎಂದು ಗೈಡ್ ಕೇಳುತ್ತಾರೆ.

ಗಂಡಿನ ಕಡೆಯವರು, ಬೀಗರು ಬಂದರೆಂದರೆ ಹೆಣ್ಣಿನ ಕಡೆಯವರು ಓಡಾಡಿ ಸಾಕಾಗುತ್ತಾರೆ ಎಂದರೆ ನಂಬುವುದಿಲ್ಲ. ಇಲ್ಲಿ ತಿರುಗಾಮುರುಗಾ. ಹೆಣ್ಣು ಕೊಟ್ಟವರು ಹುಲಾ-ಹುಲಾ, ಅವರಿಗೆ ಕೈಮುಗಿಯಬೇಕು. ಹೆಣ್ಣು ತಂದವರು ಬೊರು. ಹುಲಾ-ಹುಲಾ ಮನೆಯ ಸಮಾರಂಭದಲ್ಲಿ ಅಡುಗೆ ಮಾಡುವುದು, ಬಡಿಸುವುದು, ಪಾತ್ರೆ ತೊಳೆಯುವುದು ಎಲ್ಲಾ ಅವರ ಪಾಲಿನದು. ಅಳಿಯ ಜಿಲ್ಲಾಧಿಕಾರಿಯೇ ಆಗಿರಲಿ, ಅವತ್ತು ಸೌಟು ಹಿಡಿಯಬೇಕು. ‘ಹಾಗಾದರೆ ನಿಮ್ಮಲ್ಲಿ ಮಗಳನ್ನೂ ಕೊಟ್ಟು, ಊಟವನ್ನೂ ಬಡಿಸುತ್ತೀರಾ?’ ಎಂದು ಅಜ್ಜಿಯೊಬ್ಬರು ಗೈಡ್ ಮೂಲಕ ಕೇಳಿಸುತ್ತಾರೆ. ಈ ಪ್ರಶ್ನೆಗೆ ಉತ್ತರ ಸಿದ್ಧಮಾಡಿಕೊಂಡು ಹೋಗುವುದು ಹೆಲ್ಮೆಟ್ಟಿನಷ್ಟೇ ಅಗತ್ಯ.

ಅಲ್ಲಿ ಒಂದು ಗಂಟೆ ಹೋಗುತ್ತದೆ. ಹೋಗಲಿ. ಮುಂದಿನ ಸಿಮನಿಂದೊದಲ್ಲಿ ಬೆಳಗ್ಗೆ ಹತ್ತೂವರೆ ಸುಮಾರಿಗೆ ಹಳೆಯ ಹಳ್ಳಿಯ ಅಂಗಳದಲ್ಲಿ ಗೊಂದಾಂಗ್ ವಾದ್ಯಕ್ಕೆ ಕುಣಿತವಿರುತ್ತದೆ. ತಪ್ಪಿದರೂ ದೊಡ್ಡ ನಷ್ಟವಿಲ್ಲ. ತೊಮೊಕ್‌ನಲ್ಲಿ ಅಂಗಡಿಸಾಲಿನ ನಡುವೆ ಕುಣಿಸುವ ಸಿಗಾಲೆ-ಗಾಲೆ ಬೊಂಬೆಗಿಂತ ಮಾತ್ರ ಇದು ಎಷ್ಟೋ ವಾಸಿ.

ಸಿಮನಿಂದೊದ ದೋಣಿಗಟ್ಟೆಯ ಹತ್ತಿರ ಗೈಡ್ ವೇಗ ತಗ್ಗಿಸುತ್ತಾರೆ. 2018ರ ಜೂನ್ 18ರಂದು ಇಲ್ಲಿಂದ ಎದುರು ದಡದ ತಿಗರಾಸ್‌ಗೆ ಹೊರಟ ದೋಣಿ ಮಗುಚಿ ನೂರೈವತ್ತಕ್ಕೂ ಹೆಚ್ಚು ಮಂದಿ ಹೋದರು. ಮಿತಿಮೀರಿ ಜನ, ಮೇಲೆ ರಾಶಿ ಮೋಟರ್‌ಬೈಕು. ಸುಮಾರು 450 ಮೀಟರ್ ಆಳದಲ್ಲಿ ಕ್ಯಾಮೆರಾ ದೋಣಿಯನ್ನು ಕಂಡಿತು, ಮೇಲೆತ್ತಲಾಗಲಿಲ್ಲ. ಸ್ಕೂಟರ್ ಸಮೇತ ದೋಣಿ ಹತ್ತುವ ಆಲೋಚನೆಯಿದ್ದವರು ಗಾಡಿ ಕೆಳಗೆ ಬಿಟ್ಟು ಮೇಲಿನ ಬಯಲು ಅಟ್ಟದಲ್ಲಿ ಕೂರಲಿ, ಜೀವರಕ್ಷಕ ಅಂಗಿ ಕೇಳಿ ಹಾಕಿಕೊಳ್ಳಲಿ. ಕೊಡದ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವುದರಲ್ಲಿ ನಾಚಿಕೆಯೇನಿಲ್ಲ.

ಅಲ್ಲಿಂದ ಪಾಂಗುರುರಾನ್‌ವರೆಗೆ ರಸ್ತೆ ಚೆನ್ನ, ಗದ್ದೆ, ಎಮ್ಮೆ, ಗದ್ದೆಯ ನಡುವೆ ಪುಟ್ಟ ಮನೆಯ ಆಕಾರದ ಸಿಮೆಂಟಿನ ಸಮಾಧಿಗಳು. ಕೆಲವು ಸಮಾಧಿ ಪಕ್ಕದ ಮನೆಗಿಂತ ಚೆಂದ. ಪೂರ್ವಜರ ಮೂಳೆಗಳನ್ನು ಹಳೆಯ ಗೋರಿಯಿಂದ ತೆಗೆದು ಶುಚಿಮಾಡಿ ಇಲ್ಲಿ ಒಟ್ಟಿಗೆ ಇಡುತ್ತಾರೆ. ಭಾನುವಾರ ಹೊರಡಬೇಡಿ: ಊರಿಗೂರೇ ಚರ್ಚಿನಲ್ಲಿ, ಅಂಗಡಿ ಮುಚ್ಚಿರುತ್ತದೆ, ಪೂಜೆ ಬಿಟ್ಟ ಹೊತ್ತಿಗೆ ರಸ್ತೆ ತುಂಬ ಜನ. ಅಂಗಡಿಗಳ ಮುಂದೆ ಲೀಟರ್ ಬಾಟಲಿಗಳಲ್ಲಿ ಪೆಟ್ರೋಲ್ ಸಿಗುತ್ತದೆ, ಬಂಕಿಗಿಂತ ಸ್ವಲ್ಪ ತುಟ್ಟಿ. ಪಂಕ್ಚರ್ ಆದರೆ ‘ತಂಬಾಲ್ ಬಾನ್’ ಎಂಬ ಹಲಗೆ ಹುಡುಕಿ.

ಊಟದ ಹಲಗೆಗಳಲ್ಲಿ ಬಿ1, ಬಿ2 ಎಂದು ಬರೆದಿರುತ್ತದೆ. ವಿಟಮಿನ್ ಅಲ್ಲ, ಬಿ1 ನಾಯಿ, ಬಿ2 ಹಂದಿ. ಸಸ್ಯಾಹಾರಿಗಳು ‘ತಾನ್‌ಪಾ ದಾಗಿಂಗ್, ತಾನ್‌ಪಾ ಇಕಾನ್, ತಾನ್‌ಪಾ ತೆರಾಸಿ’ ಎಂದು ಮೂರನ್ನೂ ಹೇಳಬೇಕು: ಮಾಂಸ ಬೇಡ, ಮೀನು ಬೇಡ, ಸಿಗಡಿ ಅರೆದ ಮುದ್ದೆ ಬೇಡ. ಮೂರನೆಯದು ಮರೆತರೆ ಚಟ್ನಿಯಲ್ಲಿ ಸಿಗಡಿ ಬಂದೇ ಬಂತು. ಮೀನು ತಿನ್ನುವವರು ಆರ್ಸಿಕ್ ಬಿಡಬಾರದು. ಅರಿಸಿನ ಹಚ್ಚಿ ನಿಧಾನಕ್ಕೆ ಬತ್ತಿಸಿದ ಕಾರ್ಪ್ ಮೀನಿಗೆ ಅಂದಾಲಿಮಾನ್ ಎಂಬ ಕಾಳು ಹಾಕುತ್ತಾರೆ. ನಾಲಿಗೆ ಜುಮ್ಮೆನ್ನುತ್ತದೆ, ತುಟಿ ಮರಗಟ್ಟುತ್ತದೆ. ಮಲೆನಾಡಿನವರು ಜುಮ್ಮನಕಾಯಿ ಎನ್ನುವ, ಕೊಂಕಣಿಗರು ಬಂಗುಡೆ ಸಾರಿಗೆ ಹಾಕುವ ತಿರ್ಫಳದ ದಾಯಾದಿ ಇದು, ಒಂದೇ ಕುಲ. ಅಲ್ಲಿಯ ಅಜ್ಜಿಯರ ಭಾಷೆಯಲ್ಲಿ ಹೇಳಿದರೆ ಮಾರ್ಗಾ ಒಂದೇ.

ಪಾಂಗುರುರಾನ್ ಸೇತುವೆಯಾಚೆಯ ಬಿಸಿನೀರ ಬುಗ್ಗೆಗೆ ಎಲ್ಲ ಗೈಡ್‌ಗಳೂ ಕರೆದೊಯ್ಯುತ್ತಾರೆ. ಗಂಧಕದಿಂದ ಬೆಳ್ಳಗಾದ ಬೆಟ್ಟದ ಮೈಯನ್ನು ದೂರದಿಂದ ನೋಡಿದರೆ ಸಾಕು. ಕೆಳಗಿನ ಸಿಮೆಂಟಿನ ತೊಟ್ಟಿಗಳಲ್ಲಿ ಮೀಯಲು ಕಳೆಯುವ ಹೊತ್ತನ್ನು ಸಿದಿಹೊನಿಗೆ ಕೊಡಿ ಎಂದು ಗೈಡ್‌ಗೆ ಬೆಳಗ್ಗೆಯೇ ಹೇಳಿಡಬೇಕು.

ಸಿದಿಹೊನಿ ದ್ವೀಪದ ಮೇಲಿನ ಕೆರೆ. ಸರೋವರದೊಳಗಿನ ದ್ವೀಪ, ದ್ವೀಪದ ನೆತ್ತಿಯಲ್ಲಿ ಮತ್ತೊಂದು ಕೆರೆ, ದಂಡೆಯಲ್ಲಿ ಮೇಯುವ ಎಮ್ಮೆ. ಹತ್ತುವ ರಸ್ತೆಯಲ್ಲಿ ಬೆಟ್ಟ ಕಡಿದ ಕಡೆ ಪದರ ಪದರವಾದ ಮಾಸಲು ಬಿಳಿ ಮಣ್ಣು ಕಾಣುತ್ತದೆ. ನಿಲ್ಲಿಸಿ ಬೆರಳಲ್ಲಿ ಉಜ್ಜಿದರೆ ಹಿಟ್ಟು. ಅದು ಬೆಟ್ಟದ ಮಣ್ಣಲ್ಲ, ಕೆರೆಯ ಹೂಳು. ಸುಮಾರು 74,000 ವರ್ಷಗಳ ಹಿಂದೆ ಇಲ್ಲಿ ಜ್ವಾಲಾಮುಖಿ ಸಿಡಿದು ನೆಲ ಕುಸಿಯಿತು, ಕುಳಿಯಲ್ಲಿ ನೀರು ನಿಂತಿತು. ಆಮೇಲೆ ಕೆಳಗಿನ ಶಿಲಾರಸ ತಳವನ್ನು ನಿಧಾನಕ್ಕೆ ಮೇಲೆತ್ತಿತು, ಹೂಳಿನ ಸಮೇತ. ಹಾಗೆ ಎದ್ದ ತಳವೇ ಸಮೋಸಿರ್. ಎತ್ತುವಾಗ ವಾಲಿದ್ದರಿಂದ ತೊಮೊಕ್ ಇರುವ ಪೂರ್ವದ ಮಗ್ಗುಲು ಗೋಡೆಯಂತೆ ಕಡಿದು, ಪಾಂಗುರುರಾನ್ ಇರುವ ಪಶ್ಚಿಮದ ಮಗ್ಗುಲು ಇಳಿಜಾರಾಗಿ ಉಳಿಯಿತು. ಹೊಸ ಸವಾರರನ್ನು ಪಶ್ಚಿಮದಿಂದ ಹತ್ತಿಸಬೇಕು ಎನ್ನುವುದಕ್ಕೂ ಕಾರಣ ಅದೇ.

ಆ ಸಿಡಿತದ ಬೂದಿ ಎರಡೂವರೆ ಸಾವಿರ ಕಿಲೋಮೀಟರ್ ದಾಟಿ ನಮ್ಮ ಬಳ್ಳಾರಿಯಾಚೆಯ ಕರ್ನೂಲು ಸೀಮೆಯಲ್ಲೂ ಬಿತ್ತು. ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಅದು ಆಳೆತ್ತರಕ್ಕೂ ಮಿಕ್ಕಿ ಕೂತಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಮೈಕೇಲ್ ಪೆಟ್ರಾಗ್ಲಿಯಾ ತಂಡದವರು ಅಲ್ಲಿ ಅಗೆದು, ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಆಯುಧಗಳನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ಬೂದಿಮಳೆಯ ನಂತರವೂ ಅಲ್ಲಿ ಜನ ಬದುಕಿದ್ದರು ಎಂಬ ವಾದಕ್ಕೆ ಅದೇ ಆಧಾರ. ಅಲ್ಲಿಯ ಬೂದಿಯನ್ನು ಪಾತ್ರೆ ತಿಕ್ಕುವ ಪುಡಿಗೆಂದು ಅಗೆದು ಸಾಗಿಸುತ್ತಿದ್ದರು ಕೂಡ. ಇದನ್ನು ಹೇಳಿದರೆ ಗೈಡ್‌ಗಳು ಫೋನ್ ತೆಗೆದು ನಕಾಶೆಯಲ್ಲಿ ಊರು ಹುಡುಕಿಸಿಕೊಳ್ಳುತ್ತಾರೆ.

ಇಳಿಯುವಾಗ ಎಚ್ಚರ. ಈ ಸ್ಕೂಟರ್‌ಗಳಿಗೆ ಗೇರಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟು ವೇಗ ತೀರಾ ತಗ್ಗಿದರೆ ಕ್ಲಚ್ ಬಿಟ್ಟುಕೊಳ್ಳುತ್ತದೆ, ಎಂಜಿನ್ನಿನ ಹಿಡಿತ ಹೋಗಿ ಗಾಡಿ ಸುಮ್ಮನೆ ಉರುಳುತ್ತದೆ. ಆಗ ಎಲ್ಲಾ ಭಾರ ಬ್ರೇಕಿನ ಮೇಲೆ. ಹತ್ತು ನಿಮಿಷ ಒತ್ತಿಯೇ ಇಟ್ಟರೆ ಸುಟ್ಟ ವಾಸನೆ, ಆಮೇಲೆ ಲಿವರ್ ಒತ್ತಿದರೂ ಹಿಡಿಯುವುದಿಲ್ಲ. ಕೈಯನ್ನು ಕೂದಲೆಳೆಯಷ್ಟು ತಿರುಗಿಸಿಟ್ಟು ಕ್ಲಚ್ ಹಿಡಿದಿರುವಂತೆ ನೋಡಿಕೊಳ್ಳಿ. ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ, ಬಿಡಿ, ಮತ್ತೆ ಒತ್ತಿ. ವಾಸನೆ ಬಂದರೆ ಕಾಲು ಗಂಟೆ ನಿಲ್ಲಿ. ಕಾದ ಡಿಸ್ಕಿಗೆ ನೀರು ಸುರಿದರೆ ಸೊಟ್ಟಗಾಗುತ್ತದೆ, ಅದರ ದುಡ್ಡೂ ನಿಮ್ಮದೇ.

ಮಧ್ಯಾಹ್ನದ ಮಳೆ ಹಿಡಿಯುವ ಮೊದಲು ಪಾಂಗುರುರಾನ್ ಬಿಟ್ಟರೆ ಕತ್ತಲೆಗೆ ಮುಂಚೆ ತುಕ್‌ತುಕ್. ದಿನವಿಡೀ ಗೈಡ್ ಸವಾರರನ್ನು ಕರೆಯುವುದು ‘ಲಾಎ’ ಎಂದು. ಭಾವ ಎಂದರ್ಥ; ಹೆಂಡತಿಯ ಅಣ್ಣನೂ ಲಾಎ, ಅಕ್ಕನ ಗಂಡನೂ ಲಾಎ. ಕೊನೆಯ ಕಾಫಿಯ ಬಿಲ್ಲು ಬಂದಾಗ ಮಾತ್ರ ಗೈಡ್ ತಾನು ಹೆಣ್ಣು ಕೊಟ್ಟ ಕಡೆಯವನೆಂದು ಖಚಿತವಾಗಿ ಹೇಳುತ್ತಾರೆ.