ಮದ್ದು ಎಂದರೆ ಯಾವ ಮದ್ದು?

ಅಪ್ಪ ಊಟಕ್ಕೆ ಕೂತಿದ್ದರು. ನಾನು ಲ್ಯಾಪ್‌ಟಾಪ್ ನೋಡಿ ಎಐ ಕೊಟ್ಟ ಉತ್ತರ ಓದಿದೆ: “ಕಳೆದ ವರ್ಷ ತೋಟಕ್ಕೆ ಮದ್ದು ಬಿಟ್ಟದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ರಾತ್ರಿ ಊಟದ ನಂತರ.”

“ಊಟ ಆದ ಮೇಲೆ ಕತ್ತಲೆಯಲ್ಲಿ ಮದ್ದು ಬಿಡ್ಲಿಕ್ಕೆ ನನಗೆಂತ ಮರುಳಾ?”

ಆಮೇಲೆ ನನ್ನ ಟಿಪ್ಪಣಿಗಳಲ್ಲಿ ಹುಡುಕಿದೆ. ತಪ್ಪು ನನ್ನದೇ. ನಮ್ಮ ಕಾಸರಗೋಡಿನ ನೀರ್ಚಾಲಿನ ಕಡೆ ಅಡಿಕೆಗೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಹೊಡೆಯುವುದನ್ನು ಮದ್ದು ಬಿಡುವುದು ಎನ್ನುತ್ತೇವೆ. ಅಪ್ಪನ ಬಿಪಿ ಮಾತ್ರೆಯೂ ಮದ್ದೇ. ಒಂದು ಟಿಪ್ಪಣಿಯಲ್ಲಿ “ಮದ್ದು ಬಿಟ್ಟಾಯಿತು” ಎಂದಿದೆ. ಇನ್ನೊಂದರಲ್ಲಿ “ರಾತ್ರಿ ಊಟದ ನಂತರದ ಮದ್ದು ಬಿಟ್ಟುಹೋಯಿತು” ಎಂದಿದೆ. ಮನೆಯವರಿಗೆ ಇದರಲ್ಲಿ ಗೊಂದಲವೇ ಇಲ್ಲ. ಈ ಟಿಪ್ಪಣಿಗಳನ್ನು ಓದಿ ಉತ್ತರ ಕೊಡುವ ಎಐ ಏಜೆಂಟ್ ಮಾತ್ರ ಎರಡನ್ನೂ ಒಂದೇ ಡ್ರಮ್ಮಿಗೆ ಸುರಿದು ಕಲಸಿತ್ತು.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಡಾಕ್ಯುಮೆಂಟೇಶನ್ ಬರೆಯುವುದು. ಮನೆಯ ಟಿಪ್ಪಣಿಗಳು ಬೇರೆ. ಹತ್ತು ವರ್ಷದ್ದು, ಸಾವಿರ ದಾಟಿದೆ. ತೋಟದ ಲೆಕ್ಕ, ಮಳೆ, ಅಪ್ಪನ ಆರೋಗ್ಯ, ಮಲಯಾಳದಲ್ಲಿ ಬರುವ ಕಾಗದಗಳ ಸಾರಾಂಶ, ಎಲ್ಲ ಮಾರ್ಕ್‌ಡೌನ್ ಎಂಬ ಸರಳ ಪಠ್ಯದ ಫೈಲುಗಳಲ್ಲಿ. ಅಬ್ಸಿಡಿಯನ್ ಎಂಬ ಟಿಪ್ಪಣಿ ಆ್ಯಪಿನಲ್ಲಿ ತೆರೆದು ಓದುತ್ತೇನೆ. ಇವನ್ನು ಏಜೆಂಟ್ ಓದಲಿ ಎಂದು ರಜೆಯಲ್ಲಿ ಕೂತು ಒಂದು ಸಣ್ಣ ಎಂಸಿಪಿ ಸರ್ವರ್ ಬರೆದೆ. ಎಂಸಿಪಿ (ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್) ಎಂದರೆ ಎಐ ಮಾಡೆಲ್ಲಿಗೂ ಹೊರಗಿನ ಟೂಲುಗಳಿಗೂ ನಡುವಿನ ಮಾತಿನ ಒಪ್ಪಂದ. ಆಂತ್ರೊಪಿಕ್ 2024ರ ನವೆಂಬರಿನಲ್ಲಿ ಹೊರಬಿಟ್ಟದ್ದು. ಕೋಡ್ ಕಷ್ಟ ಇರಲಿಲ್ಲ. ಹುಡುಕುವ ಟೂಲ್ ಒಂದು, ಓದುವ ಟೂಲ್ ಒಂದು, ಯಾವ ಟಿಪ್ಪಣಿ ಯಾವುದಕ್ಕೆ ಕೊಂಡಿ ಹಾಕಿದೆ ಎಂದು ಹೇಳುವುದು ಇನ್ನೊಂದು.

ಕಷ್ಟ ಆದದ್ದು ನನ್ನದೇ ಕಸುಬಿನಲ್ಲಿ. ಏಜೆಂಟ್‌ಗೆ ನನ್ನ ಕೋಡ್ ಕಾಣುವುದಿಲ್ಲ. ಟೂಲಿನ ಹೆಸರು, ಒಂದು ವಿವರಣೆ, ಯಾವ ಮಾಹಿತಿ ಕೊಡಬೇಕು ಎಂಬ ಪಟ್ಟಿ, ಅಷ್ಟೇ ಅದಕ್ಕೆ ಸಿಗುವುದು. ಮೊದಲು ನಾನು ಬರೆದ ವಿವರಣೆ “ಟಿಪ್ಪಣಿಗಳಲ್ಲಿ ಹುಡುಕುತ್ತದೆ”. ಆಫೀಸಿನಲ್ಲಿ ಇನ್ನೊಬ್ಬರು ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆದು ವಾಪಸು ಕಳಿಸುತ್ತಿದ್ದೆ. ಮನೆಯದ್ದು ಅಲ್ವಾ, ಸುಮ್ನೆ ಬಿಟ್ಟಿದ್ದೆ.

ಮನುಷ್ಯರಾದರೆ ಗೊತ್ತಾಗದಿದ್ದರೆ ಫೋನ್ ಮಾಡಿ ಕೇಳುತ್ತಾರೆ. ಇದು ಕೇಳುವುದು ಕಡಿಮೆ. ಸಿಕ್ಕಿದ್ದನ್ನು ಹಿಡಿದು ಧೈರ್ಯವಾಗಿ ಉತ್ತರ ಕೊಡುತ್ತದೆ. ನನ್ನ ಹುಡುಕಾಟ ಒಂದು ಸಲಕ್ಕೆ 20 ಟಿಪ್ಪಣಿ ಮಾತ್ರ ಕೊಡುತ್ತಿತ್ತು. ಅದನ್ನು ಎಲ್ಲೂ ಹೇಳಿರಲಿಲ್ಲ. ಹಾಗಾಗಿ ಪದೇ ಪದೇ ಆದದ್ದು ಏನನ್ನು ಕೇಳಿದರೂ ನನ್ನ ಬದುಕಿನಲ್ಲಿ ಅದು 20 ಸಲ ನಡೆದಿರುತ್ತಿತ್ತು! ಈಗ ಪ್ರತಿ ಉತ್ತರದ ಕೊನೆಯಲ್ಲಿ “20 ತೋರಿಸಿದೆ, ಇನ್ನೂ ಇಷ್ಟು ಇದೆ” ಎಂದು ಸರ್ವರೇ ಹೇಳುತ್ತದೆ.

ಇನ್ನೊಂದು ಪೆಟ್ಟು ಕೊಳೆರೋಗದ್ದು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ. ಹಳೆಯ ವರ್ಷಗಳಲ್ಲಿ ಕೊಳೆರೋಗ ಯಾವಾಗ ಬಂತು ಎಂದು ಕೇಳಿದೆ. “ಆ ವರ್ಷಗಳಲ್ಲಿ ನಿಮ್ಮ ತೋಟಕ್ಕೆ ಕೊಳೆರೋಗ ಬಂದಿಲ್ಲ” ಎಂದಿತು. ಎಷ್ಟು ಒಳ್ಳೆಯ ಸುದ್ದಿ! ಒಂದು ವರ್ಷ ಆಟಿ ತಿಂಗಳ ಮಳೆಯಲ್ಲಿ ಕಾಯಿ ಉದುರಿ ಮರದ ಬುಡವೆಲ್ಲ ಹಸಿರಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಆ ಟಿಪ್ಪಣಿ ತೆರೆದರೆ ಪದ ಕಣ್ಣೆದುರೇ ಇದೆ. ಆದರೆ ಹುಡುಕಿದರೆ ಸೊನ್ನೆ.

ಅರ್ಧ ದಿನ ತಲೆ ಕೆರೆದ ಮೇಲೆ ಸಿಕ್ಕಿತು. ಹಳೆಯ ಟಿಪ್ಪಣಿಗಳನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬರೆದಿದ್ದೆ. ಆ ಹಳೆಯ ಫಾಂಟಿನಲ್ಲಿ ‘ಕೊ’ ಎಂದರೆ ‘ಕೆ’ ಬರೆದು ಪಕ್ಕಕ್ಕೆ ದೀರ್ಘ ಊಕಾರದ ಚಿಹ್ನೆ ಅಂಟಿಸುವುದು. ನಾನು ಬರೆದ ಪರಿವರ್ತನೆಯ ಸ್ಕ್ರಿಪ್ಟ್ ಆ ಎರಡು ತುಂಡುಗಳನ್ನು ಹಾಗೇ ಈಗಿನ ಕಂಪ್ಯೂಟರುಗಳ ಅಕ್ಷರ ಸಂಕೇತವಾದ ಯುನಿಕೋಡಿಗೆ ತಂದು ಇಟ್ಟಿದೆ. ಈಗ ಕೀಬೋರ್ಡಿನಲ್ಲಿ ಒತ್ತಿದರೆ ಬರುವ ಒಕಾರ ಒಂದೇ ಅಕ್ಷರ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. ‘ಕೊಳೆರೋಗ’ದಲ್ಲಿ ಒಕಾರವೂ ಉಂಟು, ಓಕಾರವೂ ಉಂಟು. ಎರಡು ಕಡೆ ಕೆಟ್ಟಿತು. ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದ ಮೇಲೆ ಸರಿಯಾಯಿತು.

ಆದರೆ ಕೋಡ್ ಸರಿ ಮಾಡಿದರೆ ಸಾಲದು. ಸಿಗಲಿಲ್ಲ ಎನ್ನುವುದೂ ಇಲ್ಲ ಎನ್ನುವುದೂ ಒಂದೇ ಅಲ್ಲ. ಅದನ್ನು ವಿವರಣೆಯಲ್ಲೇ ಬರೆಯಬೇಕಾಯಿತು. ಈಗ ಹೀಗಿದೆ: “ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಸಿಗುತ್ತದೆ. ‘ನೀರು’ ಎಂದು ಹುಡುಕಿದರೆ ‘ನೀರಿಗೆ’, ‘ನೀರಿಲ್ಲ’ ಸಿಗುವುದಿಲ್ಲ. ‘ನೀರ’ ಎಂದು ಹುಡುಕಿ. ಏನೂ ಸಿಗದಿದ್ದರೆ ಬೇರೆ ಪದ ಪ್ರಯತ್ನಿಸಿ. ಘಟನೆ ನಡೆದಿಲ್ಲ ಎಂದು ತೀರ್ಮಾನಿಸಬೇಡಿ. ‘ಮದ್ದು’ ತೋಟದ ಫೋಲ್ಡರಿನಲ್ಲಿದ್ದರೆ ಬೋರ್ಡೋ, ಮನೆಯ ಫೋಲ್ಡರಿನಲ್ಲಿದ್ದರೆ ಮಾತ್ರೆ.”

ಉತ್ಸಾಹದಲ್ಲಿ ಮೊದಲು ಎರಡು ಪುಟ ಬರೆದಿದ್ದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎನ್ನುವವರೆಗೆ. ಆಮೇಲೆ ಕತ್ತರಿಸಿದೆ. ಈ ವಿವರಣೆ ಪ್ರತಿ ಮಾತುಕತೆಯಲ್ಲೂ ಮಾಡೆಲ್ಲಿನ ತಲೆಯಲ್ಲಿ ಜಾಗ ಹಿಡಿಯುತ್ತದೆ. ಕನ್ನಡ ಅಕ್ಷರಗಳು ಇಂಗ್ಲಿಷಿಗಿಂತ ಜಾಸ್ತಿ ಜಾಗ ತಿನ್ನುತ್ತವೆ.

ಇನ್ನೊಂದು ಸಾಲು ಏಜೆಂಟ್‌ಗಲ್ಲ, ಮನುಷ್ಯರಿಗೆ. ಸರ್ವರ್ ನನ್ನ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ, ನಿಜ. ಆದರೆ ಅದು ಓದಿದ ಟಿಪ್ಪಣಿ ಮಾಡೆಲ್ ಇರುವ ದೂರದ ಕಂಪ್ಯೂಟರಿಗೆ ಹೋಗುತ್ತದೆ. ‘ಎಲ್ಲ ನಿಮ್ಮ ಕಂಪ್ಯೂಟರಿನಲ್ಲೇ’ ಎಂದಷ್ಟೇ ಬರೆದು ಮುಗಿಸುವುದು ನನಗೆ ಸರಿ ಕಾಣುವುದಿಲ್ಲ. ಕೈಸಾಲದ ಲೆಕ್ಕ ಇರುವ ಫೋಲ್ಡರನ್ನು ನಾನು ಹೊರಗೇ ಇಟ್ಟಿದ್ದೇನೆ. ಯಾರಿಗೆ ಎಷ್ಟು ಕೊಡಬೇಕು ಎಂದು ನೆನಪಿಸಲಿಕ್ಕೆ ಸಾಲ ಕೊಟ್ಟವರೇ ಇದ್ದಾರೆ.

ಮೊನ್ನೆ ಪುನಃ ಕೇಳಿದೆ. ಮದ್ದು ಬಿಟ್ಟದ್ದು ಎರಡು ಸಲ ಎಂದಿತು, ತಾರೀಕು ಸಮೇತ. ಖುಷಿಯಿಂದ ಅಪ್ಪನಿಗೆ ತೋರಿಸಿದೆ.

“ಮೂರು ಸಲ” ಅಂದರು ಅಪ್ಪ. “ಮೂರನೇದು ನೀನು ಬರೆದುಕೊಳ್ಳಲೇ ಇಲ್ಲ.”

“ಯಾವಾಗ ಅಪ್ಪ?”

“ಆ ದಿವಸ ಕರೆಂಟು ಇರಲಿಲ್ಲ, ನೋಡು.”

‘ಕರೆಂಟು ಇಲ್ಲ’ ಎಂದು ಹುಡುಕಿಸಿದೆ. 20 ತೋರಿಸಿದೆ, ಇನ್ನೂ 61 ಇದೆ ಎಂದಿತು.