ಸ್ಕ್ರೀನ್ ಹಸಿರು, ಗಾಡಿ ಮಾತ್ರ ಎಡಕ್ಕೆ

ಹಾಸನದಲ್ಲಿ ನನ್ನದೊಂದು ವೀಲ್ ಅಲೈನ್‌ಮೆಂಟ್ ಅಂಗಡಿ. ಒಂದು ರ್‍ಯಾಂಪ್, ಒಂದು ತ್ರೀಡಿ ಮೆಷಿನ್, ಇಬ್ಬರು ಹುಡುಗರು. ಮಳೆಗಾಲ ಬಂತೆಂದರೆ ನಮಗೆ ಸುಗ್ಗಿ. ಶಿರಾಡಿ ಘಾಟಿಯ ಗುಂಡಿಗಳನ್ನು ದಾಟಿ ಬಂದ ಕಾರುಗಳು ಸಾಲಾಗಿ ನಿಲ್ಲುತ್ತವೆ.

ಸಕಲೇಶಪುರದ ಕಡೆ ಸ್ಕೂಲಿಗೆ ದಿನಾ ಓಡಾಡುವ ಮೇಷ್ಟ್ರೊಬ್ಬರಿದ್ದಾರೆ. ಅವರದು ಸಣ್ಣ ಹ್ಯಾಚ್‌ಬ್ಯಾಕ್. "ಗಾಡಿ ಎಡಕ್ಕೆ ಎಳೀತಿದೆ ಕಣಯ್ಯ" ಅಂತ ಬಂದರು. ಮೆಷಿನ್‌ಗೆ ಹಾಕಿದೆ. ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಲೆಕ್ಕ, ಸ್ವಲ್ಪ ಕೆಂಪು ತೋರಿಸಿತು. ಚಕ್ರವನ್ನು ಸ್ಟೇರಿಂಗ್‌ಗೆ ಜೋಡಿಸುವ ಟೈ ರಾಡ್‌ನ ನಟ್ ಸಡಿಲಿಸಿ ಸರಿ ಮಾಡಿದೆ. ಎಲ್ಲಾ ಹಸಿರಾಯಿತು. ಪ್ರಿಂಟ್ ಕೊಟ್ಟು ಕಳಿಸಿದೆ.

ಹದಿನೈದು ದಿನಕ್ಕೆ ವಾಪಸ್. ಮತ್ತೆ ಟೋ ಅಷ್ಟಿಷ್ಟು ತಿರುಗಿಸಿದೆ. "ರಸ್ತೆ ನಡುವೆ ಎತ್ತರ, ಪಕ್ಕಕ್ಕೆ ಇಳಿಜಾರು ಇರುತ್ತೆ ಮೇಷ್ಟ್ರೇ. ನಾವು ಎಡಗಡೆ ಓಡಿಸ್ತೀವಲ್ಲ, ಅದಕ್ಕೇ ಸ್ವಲ್ಪ ಎಡಕ್ಕೆ ಹೋಗುತ್ತೆ" ಅಂತ ಪಾಠ ಬೇರೆ ಮಾಡಿದೆ. ಮೇಷ್ಟ್ರಿಗೇ ಪಾಠ! ಮಾತು ಸುಳ್ಳಲ್ಲ. ಆದರೆ ಅವತ್ತು ಅದು ಜಾರಿಕೊಳ್ಳುವ ಮಾತು. ನಾನು ಗಾಡಿಯನ್ನು ಓಡಿಸಿಯೇ ನೋಡಿರಲಿಲ್ಲ.

ಮೂರನೇ ಸಲ ಬಂದಾಗ ಬೈಯಲಿಲ್ಲ. ಎರಡು ಪ್ರಿಂಟನ್ನೂ ನನ್ನ ಕೈಗಿಟ್ಟು, "ಎರಡರಲ್ಲೂ ಫುಲ್ ಮಾರ್ಕ್ಸ್. ಆದ್ರೂ ಫೇಲ್ ಹೆಂಗಾಯ್ತು?" ಅಂದರು.

ನಾಚಿಕೆಯಾಯಿತು. ಯಾಕೆಂದರೆ ನನಗೆ ಗೊತ್ತಿದ್ದ ವಿಷಯವೇ ಅದು. ಮುಂದಿನ ಟೋ ತಪ್ಪಿದರೆ ಗಾಡಿ ಎಳೆಯುವುದಿಲ್ಲ. ಮುಂದಿನ ಎರಡೂ ಚಕ್ರಗಳನ್ನು ಸ್ಟೇರಿಂಗ್ ರ್‍ಯಾಕ್ ಒಂದಕ್ಕೊಂದು ಕಟ್ಟಿಹಾಕಿರುತ್ತದೆ. ಟೋ ಎಷ್ಟೇ ಕೆಟ್ಟಿರಲಿ, ಓಡುವಾಗ ಎರಡೂ ಅದನ್ನು ಸಮನಾಗಿ ಹಂಚಿಕೊಳ್ಳುತ್ತವೆ. ಸ್ಟೇರಿಂಗ್ ಸೊಟ್ಟ ಕೂರಬಹುದು. ಟಯರ್ ಅಂತೂ ಸವೆಯುತ್ತದೆ. ಟೋ ಅಳೆಯುವುದು ಕೋನದ ಮಿನಿಟ್‌ನಲ್ಲಿ, 60 ಮಿನಿಟ್ ಸೇರಿದರೆ ಒಂದು ಡಿಗ್ರಿ. ಒಂದು ಚಕ್ರದ ಟೋ 20 ಮಿನಿಟ್ ತಪ್ಪಿದ್ದರೂ ಸಾಕು, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಟಯರ್ ಸುಮಾರು 6 ಮೀಟರ್ ಅಡ್ಡಡ್ಡ ಉಜ್ಜಿರುತ್ತದೆ. ಅಂಥ ಟಯರ್ ಮೇಲೆ ಅಡ್ಡಕ್ಕೆ ಕೈಯಾಡಿಸಿದರೆ ಹೋಗುವಾಗ ನುಣುಪು, ಬರುವಾಗ ಗರಗಸ. ಮೇಷ್ಟ್ರ ಟಯರ್‌ನಲ್ಲಿ ಅದಿರಲಿಲ್ಲ. ಬಲಗಡೆ ಟಯರ್‌ನ ಒಳಅಂಚು ಮಾತ್ರ ಸ್ವಲ್ಪ ಜಾಸ್ತಿ ಸವೆದಿತ್ತು. ಎರಡು ಸಲವೂ ಅದು ನನ್ನ ಕಣ್ಣೆದುರಿಗೇ ಇತ್ತು.

ಈ ಸಲ ಕೀ ಈಸಿಕೊಂಡೆ. ಗಾಳಿ ನೋಡಿಕೊಂಡು, ಹೊಸ ಲೇಔಟ್‌ನ ಖಾಲಿ ರಸ್ತೆಗೆ ಹೋದೆ. ಬಲಕ್ಕೆ ಇಳಿಜಾರಿದ್ದ ಕಡೆ ಓಡಿಸಿದರೂ ಎಡಕ್ಕೇ ಹೋಯಿತು. ಅಲ್ಲಿಗೆ ರಸ್ತೆಯ ಕಥೆ ಮುಗಿಯಿತು. ಐದು ನಿಮಿಷ ಓಡಿಸಿ ಡಿಸ್ಕ್ ಹತ್ತಿರ ಕೈ ಹಿಡಿದೆ. ಎರಡೂ ಕಡೆ ಒಂದೇ ಬಿಸಿ, ಬ್ರೇಕ್ ಹಿಡಿದಿಲ್ಲ. ಮುಂದಿನ ಚಕ್ರಗಳನ್ನು ಅದಲು ಬದಲು ಮಾಡಿದೆ. ಟಯರ್ ಒಳಗಿನ ಬೆಲ್ಟ್ ಸರಿದಿದ್ದರೆ ಟಯರ್ ಐಸ್‌ಕ್ರೀಮ್ ಕೋನ್ ಥರ ಒಂದು ಕಡೆಗೆ ಉರುಳುತ್ತದೆ, ಅದಲು ಬದಲು ಮಾಡಿದರೆ ಎಳೆತವೂ ಬಲಕ್ಕೆ ಬರಬೇಕು. ಬರಲಿಲ್ಲ.

ಮತ್ತೆ ಮೆಷಿನ್. ಈ ಸಲ ಬಣ್ಣ ಬಿಟ್ಟು ಅಂಕಿ ಓದಿದೆ. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಎಷ್ಟು ವಾಲಿದೆ ಅನ್ನುವುದು, ತಲೆ ಒಳಕ್ಕೆ ವಾಲಿದರೆ ಮೈನಸ್. ಎಡ ಕ್ಯಾಂಬರ್ ಮೈನಸ್ 5 ಮಿನಿಟ್. ಬಲ ಮೈನಸ್ 55. ಆ ಗಾಡಿಗೆ ಕೊಟ್ಟಿರುವ ಲೆಕ್ಕ ಮೈನಸ್ 30, ಆಚೆ ಈಚೆ 30. ಅಂದರೆ ಎರಡೂ ಪಾಸ್, ಎರಡೂ ಹಸಿರು. ಆದರೆ ಎರಡರ ನಡುವೆ 50 ಮಿನಿಟ್ ವ್ಯತ್ಯಾಸ! ಚಕ್ರದ ತಲೆ ಯಾವ ಕಡೆ ವಾಲಿರುತ್ತದೋ ಆ ಕಡೆಗೆ ಅದು ಗಾಡಿಯನ್ನು ನೂಕುತ್ತದೆ. ಇಲ್ಲಿ ಬಲಚಕ್ರ ಒಳಕ್ಕೆ ಜಾಸ್ತಿ ವಾಲಿ ಎಡಕ್ಕೆ ನೂಕುತ್ತಿದೆ. ಅದನ್ನು ತಡೆಯುವಷ್ಟು ಎಡಚಕ್ರ ವಾಲಿಲ್ಲ.

ಸರಿ, ಕೆಟ್ಟಿದ್ದು ಯಾವುದು? ಇಂಥ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿರುಗಿಸಲು ಕಂಪನಿಯವರು ಜಾಗವನ್ನೇ ಕೊಟ್ಟಿರುವುದಿಲ್ಲ. ಕ್ಯಾಂಬರ್ ಬದಲಾಗಿದೆ ಅಂದರೆ ಏನೋ ಬೆಂಡ್ ಆಗಿದೆ, ಇಲ್ಲ ಸರಿದಿದೆ. ಕೆಲವರು ಸ್ಟ್ರಟ್‌ನ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಬೋಲ್ಟಿನ ತೂತನ್ನು ಉಜ್ಜಿ ದೊಡ್ಡದು ಮಾಡಿ ಅಂಕಿ ಸರಿ ಮಾಡುತ್ತಾರೆ. ಜ್ವರಕ್ಕೆ ಥರ್ಮಾಮೀಟರ್ ತಿದ್ದಿದ ಹಾಗೆ ಅದು.

ಆಗ ಎಸ್‌ಎಐ, ಅಂದರೆ ಸ್ಟೇರಿಂಗ್ ಆಕ್ಸಿಸ್ ಇನ್‌ಕ್ಲಿನೇಶನ್ ತೆಗೆದೆ. ಸ್ಟ್ರಟ್‌ನ ತಲೆಯಿಂದ ಚಕ್ರದ ಕೆಳಗಿನ ಕೀಲು, ಅಂದರೆ ಬಾಲ್ ಜಾಯಿಂಟ್‌ವರೆಗೆ ಒಂದು ಗೆರೆ ಎಳೆದುಕೊಳ್ಳಿ. ಮುಂದಿನಿಂದ ನೋಡಿದಾಗ ಆ ಗೆರೆ ಒಳಕ್ಕೆ ಎಷ್ಟು ವಾಲಿದೆ ಅನ್ನುವುದೇ ಎಸ್‌ಎಐ. ಬ್ರೇಕ್ ಒತ್ತಿ ಹಿಡಿದು ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಮೆಷಿನ್ ಲೆಕ್ಕ ಹಾಕಿ ಕೊಡುತ್ತದೆ. ಜೊತೆಗೆ ಕ್ಯಾಸ್ಟರ್ (ಅದೇ ಗೆರೆ ಪಕ್ಕದಿಂದ ನೋಡಿದಾಗ ವಾಲಿರುವ ಲೆಕ್ಕ) ಕೂಡ ಬರುತ್ತದೆ, ಅದು ಎರಡೂ ಬದಿ ಹತ್ತಿರ ಹತ್ತಿರ ಇತ್ತು. ಎಸ್‌ಎಐ ಎಡಗಡೆ 12 ಡಿಗ್ರಿ 35 ಮಿನಿಟ್, ಬಲಗಡೆ 13 ಡಿಗ್ರಿ 25.

ಅದಕ್ಕೆ ಕ್ಯಾಂಬರ್ ಸೇರಿಸಿದೆ. ಎಡಗಡೆ 12 ಡಿಗ್ರಿ 30. ಬಲಗಡೆಯೂ 12 ಡಿಗ್ರಿ 30!

ಸ್ಟ್ರಟ್ಟೋ, ಚಕ್ರ ಕೂರುವ ನಕಲ್ಲೋ ಬೆಂಡ್ ಆಗಿದ್ದರೆ ಈ ಮೊತ್ತ ಎರಡು ಕಡೆ ಬೇರೆ ಬೇರೆ ಬರಬೇಕಿತ್ತು. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮ್ ಒಂದು ಬೆಂಡ್ ಆಗಿದ್ದರೆ ಒಂದೇ ಬದಿಯ ಅಂಕಿ ಕೆಡಬೇಕಿತ್ತು. ಇಲ್ಲಿ ಒಂದು ಬದಿ ಎಷ್ಟು ಇಳಿದಿದೆಯೋ ಇನ್ನೊಂದು ಬದಿ ಅಷ್ಟೇ ಏರಿದೆ. ಅಂದರೆ ಮೇಲಿನದೆಲ್ಲ ಇದ್ದಲ್ಲೇ ಇದೆ, ಎರಡೂ ಲೋವರ್ ಆರ್ಮ್ ಹೊತ್ತಿರುವ ಕೆಳಗಿನ ಸಬ್‌ಫ್ರೇಮ್ ಇಡಿಯಾಗಿ ಬಲಕ್ಕೆ ಸರಿದಿದೆ. ರ್‍ಯಾಕ್ ಕೂಡ ಅದರ ಮೇಲೇ ಕೂತಿರುವುದರಿಂದ ಟೋ ಹೆಚ್ಚು ಕೆಟ್ಟಿರಲಿಲ್ಲ. ನನಗೆ ಮೋಸವಾಗಿದ್ದು ಅಲ್ಲೇ.

"ಮೇಷ್ಟ್ರೇ, ಕ್ಲಚ್ ಕೆಲಸ ಏನಾದ್ರೂ ಮಾಡಿಸಿದ್ರಾ?"

"ಹೂಂ, ಯುಗಾದಿ ಹೊತ್ತಿಗೆ. ಅದಾದ ಮೇಲೇ ಇದು ಶುರುವಾಗಿದ್ದು. ನೀನು ಕೇಳಲೇ ಇಲ್ವಲ್ಲಪ್ಪ."

ಗೇರ್‌ಬಾಕ್ಸ್ ಇಳಿಸಲು ಸಬ್‌ಫ್ರೇಮ್ ಬಿಚ್ಚಿದ್ದಾರೆ. ಬೋಲ್ಟಿಗಿಂತ ತೂತು ಸ್ವಲ್ಪ ದೊಡ್ಡದಿರುತ್ತದೆ. ವಾಪಸ್ ಹಾಕುವಾಗ ಒಂದು ಪಕ್ಕಕ್ಕೆ ಕೂತುಬಿಟ್ಟಿದೆ. ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ ಬೋಲ್ಟ್ ತಲೆಯ ಪಕ್ಕದಲ್ಲಿ ಹಳೆಯ ಗುರುತು ಬಿದಿಗೆ ಚಂದ್ರನ ಹಾಗೆ ಹೊಳೆಯುತ್ತಿತ್ತು. ಸರಿದಿದ್ದು ನಾಲ್ಕು ಮಿಲಿಮೀಟರ್ ಆಸುಪಾಸು, ಅಷ್ಟೇ.

ಬೋಲ್ಟ್ ಸಡಿಲಿಸಿ, ಹಾರೆಯಿಂದ ಮೀಟಿ ಹಳೆಯ ಗುರುತಿಗೆ ಕೂರಿಸಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿದೆವು. ಕ್ಯಾಂಬರ್ ಎರಡೂ ಬದಿ ಮೈನಸ್ 30ರ ಹತ್ತಿರ ಬಂತು. ಟೋ ಮುಟ್ಟಿದ್ದು ಕೊನೆಗೆ. ಮೇಷ್ಟ್ರು ಒಂದು ರೌಂಡ್ ಹೋಗಿ ಬಂದರು. ಪ್ರಿಂಟ್ ಕೊಡಲು ಹೋದೆ. "ಅದೇನೂ ಬೇಡ ಬಿಡು" ಅಂದರು. ದುಡ್ಡು ನಾನೂ ಕೇಳಲಿಲ್ಲ.

ಈಗ ರ್‍ಯಾಂಪ್ ಹತ್ತಿಸುವ ಮುಂಚೆ ಮೊದಲು ಕೇಳುವುದು, ಇತ್ತೀಚೆಗೆ ಏನೇನು ಬಿಚ್ಚಿಸಿದ್ದೀರಿ ಅಂತ. ಎಸ್‌ಎಐಗೆ ಐದು ನಿಮಿಷ ಜಾಸ್ತಿ ಬೇಕು. ಭಾನುವಾರ ಗಾಡಿಗಳು ಸಾಲು ನಿಂತರೆ ಈಗಲೂ ಕೆಲವಕ್ಕೆ ಬಿಟ್ಟುಬಿಡುತ್ತೇನೆ, ಸುಳ್ಳು ಯಾಕೆ ಹೇಳಲಿ. ಆದರೆ "ಎಳೀತಿದೆ" ಅಂತ ಬಂದ ಗಾಡಿಗೆ ಬಿಡುವುದಿಲ್ಲ.